ರಾಜಕೀಯ ವರದಿ ಬಿಟ್ಟು ರಸ್ತೆ ಸುರಕ್ಷತೆ ಬಗ್ಗೆ ಬರೆದರೆ ಹೆಸರು ಉಳಿಯುತ್ತಾ?

ಚಿಕ್ಕಮಗಳೂರಿನ ರಾಜಕೀಯ ವರದಿಗಾರರಾದ ನೀವು ಕೇಳುತ್ತಿರುವುದನ್ನು ನಾನು ಹಾಸನದಲ್ಲಿ ಮಾಡಿ ನೋಡಿದ್ದೇನೆ.

ಸಕಲೇಶಪುರದ ಕಡೆ ಒಂದು ತಿರುವು. ತಡೆಗೋಡೆ ಇರಲಿಲ್ಲ. ಒಂದು ಜೂನ್‌ನಲ್ಲಿ ಬೈಕಿನಲ್ಲಿದ್ದ ಇಬ್ಬರು ಹುಡುಗರು ತೀರಿಕೊಂಡರು. ಅವತ್ತು ರಾತ್ರಿಯೇ ಬರೆದೆ. ನನಗೆ ಬರುತ್ತಿದ್ದದ್ದು ರಾಜಕೀಯ, ಹಾಗಾಗಿ ಶಾಸಕರನ್ನೇ ಹಿಡಿದೆ. ಮುಖಪುಟಕ್ಕೆ ಬಂತು.

ಆ ರಸ್ತೆ ಯಾರದು ಅಂತ ನಾನು ಕೇಳಲೇ ಇಲ್ಲ. ರಾಜ್ಯ ಹೆದ್ದಾರಿ ಅಂದುಕೊಂಡಿದ್ದೆ. ಆ ತುಂಡು ಆಗಲೇ ರಾಷ್ಟ್ರೀಯ ಹೆದ್ದಾರಿಗೆ ಸೇರಿತ್ತು. ಶಾಸಕರು "ಅದು ನಮ್ಮ ಕೈಲಿಲ್ಲ" ಅಂದರು, ಅದು ನಿಜವೇ ಆಗಿತ್ತು. ವಿರೋಧಿಗಳು ಧರಣಿ ಕೂತರು. ಎರಡು ವಾರ ಬರೀ ಶಾಸಕರದ್ದೇ ಮಾತು, ತಿರುವಿನ ಬಗ್ಗೆ ಒಂದೂ ಇಲ್ಲ. ಕೆಲಸ ಮಾಡಿಸಬೇಕಿದ್ದ ಎಂಜಿನಿಯರ್ ಮೇಜಿಗೆ ಒಂದು ಕಾಗದವೂ ಹೋಗಲಿಲ್ಲ. ಹೋಗಲು ನನ್ನ ವರದಿಯಲ್ಲಿ ಏನಿತ್ತು? ಕಿಲೋಮೀಟರ್ ಕಲ್ಲಿನ ನಂಬರ್ ಕೂಡ ಇರಲಿಲ್ಲ. ಅರ್ಧ ಗಂಟೆ ಅಲ್ಲಿ ನಿಂತಿದ್ದೆ, ಕಲ್ಲು ಎದುರಿಗೇ ಇತ್ತು, ಬರೆದುಕೊಳ್ಳಲಿಲ್ಲ. ಪತ್ರಿಕೆ ಸ್ಪಷ್ಟನೆ ಹಾಕಿತು. ಮಳೆಗಾಲ ಹಾಗೇ ನಡೆಯಿತು. ಆಗಸ್ಟ್‌ನಲ್ಲಿ ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರು ಅದೇ ತಿರುವಿನಲ್ಲಿ ಜೀಪಿನೊಂದಿಗೆ ಕೆಳಗೆ ಬಿದ್ದು ತೀರಿಕೊಂಡರು. ಆ ಸುದ್ದಿಯನ್ನೂ ನಾನೇ ಬರೆದೆ.

ಆಮೇಲೆ ಆ ತಿರುವಿನ ಅಪಘಾತಗಳ ಲೆಕ್ಕ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ, ರಾಜ್ಯದ ಕಚೇರಿಗಾದರೆ ಒಂದೇ ವಿಷಯ, 150 ಪದದೊಳಗೆ; 30 ದಿನದಲ್ಲಿ ಉತ್ತರ ಕೊಡಬೇಕು. ಹೆದ್ದಾರಿಯ ಸುಮಾರು 500 ಮೀಟರ್‌ನಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇಪದೇ ಅಪಘಾತವಾಗುವ ಜಾಗ. ನಮ್ಮ ತಿರುವು ಆ ಲೆಕ್ಕ ದಾಟಿತ್ತು. ಕಲ್ಲಿನ ನಂಬರ್ ಹಾಕಿ ಮತ್ತೆ ಬರೆದೆ. ತಡೆಗೋಡೆ ಬಂತು.

ರಾಜಕೀಯ ಬಿಡಬೇಕಾ ಅನ್ನೋ ಪ್ರಶ್ನೆಯೇ ತಪ್ಪು. ಬಿಡಲೇಬೇಡಿ. ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಯಾರು ಏನು ಕೇಳಿದರೆ ಅಧಿಕಾರಿ ಫೈಲು ತೆಗೆಯುತ್ತಾರೆ ಅಂತ ರಾಜಕೀಯ ವರದಿಗಾರನಷ್ಟು ಬಲ್ಲವರು ಯಾರಿದ್ದಾರೆ? 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿತು. ರಸ್ತೆ ನಿಯಮದಂತೆ ಮಾಡದೆ ಯಾರಾದರೂ ಸತ್ತರೆ ಗುತ್ತಿಗೆದಾರರಿಗೂ ಹೊಣೆ ಹೊತ್ತ ಇಲಾಖೆಗೂ 1 ಲಕ್ಷ ರೂಪಾಯಿವರೆಗೆ ದಂಡ. ಜಿಲ್ಲೆಯಲ್ಲಿ ಅದನ್ನು ಎಷ್ಟು ಸಲ ಹಾಕಿದ್ದಾರೆ ಅಂತ ಶಾಸಕರಿಂದ ಸದನದಲ್ಲಿ ಕೇಳಿಸಿ. ಹಾಗೆ ಕೇಳಿಸೋದು ನಿಮ್ಮಂಥವರಿಂದಲೇ ಆಗೋದು, ಅಲ್ವಾ?

ಹೆಸರಿನ ಯೋಚನೆ ಈಗ ಬೇಡ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಕಲ್ಲಿನ ನಂಬರ್ ಬರೆದುಕೊಳ್ಳುತ್ತಾ ಹೋಗಿ. ಮಳೆ ಹಿಡಿಯುವ ಮೊದಲೇ ಅರ್ಜಿ ಹಾಕಿ.