ಒಂದು ಟೈಗರ್, ಇಡೀ ಡಿವಿಷನ್: ವಿಟ್‌ಮನ್ ಕಥೆಯಲ್ಲಿ ನಿಜ ಎಷ್ಟು?

ಪ್ರಶ್ನೆ: ಜರ್ಮನಿಯ ಟ್ಯಾಂಕ್ ಕಮಾಂಡರ್ ಮಿಖಾಯೆಲ್ ವಿಟ್‌ಮನ್ ಒಂದೇ ಟೈಗರ್ ಟ್ಯಾಂಕ್ ಇಟ್ಟುಕೊಂಡು ಬ್ರಿಟಿಷರ ಇಡೀ ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ) ತಡೆದ ಅಂತ ಹಲವು ವಿಡಿಯೊಗಳಲ್ಲಿ ನೋಡಿದೆ. ನಿಜವಾ? ಅವನು ಅಷ್ಟು ದೊಡ್ಡ ಸೇನಾನಿಯೇ?

ಉತ್ತರ: ಅರ್ಧ ನಿಜ. ಉಳಿದರ್ಧ ನಾಜಿ ಪ್ರಚಾರ ವಿಭಾಗದ ಕೈಚಳಕ.

ವಿಟ್‌ಮನ್ 1914ರಲ್ಲಿ ಬವೇರಿಯಾದ ರೈತ ಕುಟುಂಬದಲ್ಲಿ ಹುಟ್ಟಿದವನು. ಮೊದಲು ಸೇನೆ, ಆಮೇಲೆ ಹಿಟ್ಲರನ ಎಸ್‌ಎಸ್ ಪಡೆ. ರಷ್ಯಾದಲ್ಲಿ ಪಳಗಿದ. 1943ರಲ್ಲಿ ಕುರ್ಸ್ಕ್ ಕಾಳಗದ ಹೊತ್ತಿಗೆ ಅವನ ಕೈಗೆ ಟೈಗರ್ ಬಂದಿತ್ತು.

ನೀವು ಕೇಳಿದ ಘಟನೆ ನಡೆದದ್ದು 1944ರ ಜೂನ್ 13ರಂದು, ಫ್ರಾನ್ಸಿನ ವಿಲೆರ್-ಬೊಕಾಜ್ ಊರಲ್ಲಿ. ಬ್ರಿಟಿಷರ 7ನೇ ಆರ್ಮರ್ಡ್ ಡಿವಿಷನ್ನಿನ ಮುಂಚೂಣಿ ಪಡೆ ರಸ್ತೆಯಲ್ಲಿ ಒಂದರ ಹಿಂದೊಂದು ಗಾಡಿ ನಿಲ್ಲಿಸಿಕೊಂಡಿತ್ತು. ಕೆಲವರು ಕೆಳಗಿಳಿದು ಚಹಾ ಕಾಯಿಸುತ್ತಿದ್ದರಂತೆ! ಪಕ್ಕದಲ್ಲೇ ಮರೆಯಲ್ಲಿದ್ದ ವಿಟ್‌ಮನ್ ನುಗ್ಗಿಬಿಟ್ಟ. ಸುಮಾರು ಕಾಲು ಗಂಟೆಯಲ್ಲಿ ಹತ್ತಾರು ಟ್ಯಾಂಕ್, ಗಾಡಿಗಳು ಹೊತ್ತಿ ಉರಿದವು. ಎದುರಿಗಿದ್ದ ಕ್ರಾಮ್ವೆಲ್ ಟ್ಯಾಂಕಿನ ಗುಂಡು ಟೈಗರಿನ ಮುಂಭಾಗವನ್ನು ತೂರುತ್ತಿರಲಿಲ್ಲ. ಆ ಧೈರ್ಯ, ಆ ಸಮಯಪ್ರಜ್ಞೆಯನ್ನು ಒಪ್ಪಲೇಬೇಕು.

ಆದರೆ ಅವನೊಬ್ಬನೇ ಅಲ್ಲ, ಅವನ ಕಂಪನಿಯ, ಅಂದರೆ ಅವನ ಕೈಕೆಳಗಿನ ಟ್ಯಾಂಕ್ ತುಕಡಿಯ, ಬೇರೆ ಟೈಗರ್‌ಗಳೂ ಅಲ್ಲಿದ್ದವು. ಊರೊಳಗೆ ಟ್ಯಾಂಕ್ ನಿರೋಧಕ ಫಿರಂಗಿಯ ಏಟಿಗೆ ಅವನ ಟ್ಯಾಂಕೇ ಕೆಟ್ಟು ನಿಂತಿತು. ಇಳಿದು ನಡೆದುಕೊಂಡು ಪಾರಾದ. ಮಧ್ಯಾಹ್ನ ಜರ್ಮನ್ನರು ಮತ್ತೆ ಊರಿಗೆ ನುಗ್ಗಿದಾಗ ಬ್ರಿಟಿಷರು ಓಣಿಗಳಲ್ಲಿ ಹೊಂಚುಹಾಕಿ ಹಲವು ಟೈಗರ್‌ಗಳನ್ನು ಕೆಡವಿದರು. ಪ್ರಚಾರದವರು ಈ ಭಾಗವನ್ನು ಸುಮ್ನೆ ಬಿಟ್ಟುಬಿಟ್ಟರು. ಯಶಸ್ಸೆಲ್ಲ ಅವನೊಬ್ಬನ ಲೆಕ್ಕಕ್ಕೆ ಹೋಯಿತು.

ಇನ್ನು ಸೇನಾನಿಯ ವಿಷಯ. ಒಂದು ಟ್ಯಾಂಕನ್ನು ನಡೆಸುವುದೇ ಬೇರೆ, ಕಂಪನಿ ನಡೆಸುವುದೇ ಬೇರೆ ಅಲ್ವಾ? ಮೊದಲನೆಯದರಲ್ಲಿ ಅವನು ಗಟ್ಟಿಗ. ಎರಡನೆಯದರ ಬಗ್ಗೆ ನನಗೆ ಅನುಮಾನ ಜಾಸ್ತಿ. ಅದೇ ವರ್ಷ ಆಗಸ್ಟ್ 8ರಂದು, ಫ್ರಾನ್ಸಿನಲ್ಲೇ ಸೆಂಟ್-ಎಯ್ನ್ಯಾನ್ ಊರಿನ ಹತ್ತಿರ, ಏಳು ಟೈಗರ್‌ಗಳನ್ನು ನಡುಮಧ್ಯಾಹ್ನ ಬಟಾಬಯಲಲ್ಲಿ ಮುಂದೆ ನಡೆಸಿದ. ದಾಳಿಗೆ ಮೇಲಿನ ಆದೇಶವೇನೋ ಇತ್ತು. ಆದರೆ ಒಂದು ಕಡೆಯ ತೋಟದಲ್ಲಿ ಬ್ರಿಟಿಷರ ಶೆರ್ಮನ್ ಟ್ಯಾಂಕ್‌ಗಳು, ಇನ್ನೊಂದು ಕಡೆ ಕೆನಡಾದವರು ಅಡಗಿದ್ದರು. ಅವನ ಟ್ಯಾಂಕಿನ ಮೇಲಿನ ಫಿರಂಗಿ ಗೋಪುರವೇ ಹಾರಿಹೋಯಿತು, ಒಳಗಿದ್ದವರು ಯಾರೂ ಉಳಿಯಲಿಲ್ಲ. ಹೊಡೆದದ್ದು ಬ್ರಿಟಿಷ್ ಟ್ಯಾಂಕೊಂದರ ಗನ್ನರ್ (ಫಿರಂಗಿ ಹಾರಿಸುವವ) ಜೋ ಎಕಿನ್ಸ್ ಅಂತ ಕೆಲವರು, ಕೆನಡಾದ ಶೆರ್ಬ್ರೂಕ್ ಫ್ಯೂಸಿಲಿಯರ್ಸ್ ಟ್ಯಾಂಕ್ ಪಡೆ ಅಂತ ಇನ್ನು ಕೆಲವರು. ಈ ಜಗಳ ಇನ್ನೂ ಮುಗಿದಿಲ್ಲ.