ಅ ಆ ಇ ಈ ಕ್ರಮವಾಗಿ ಬಾರದ ಮಗು ಹಿಂದುಳಿದಿದೆಯೇ?

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ ಓದುತ್ತಿದ್ದಾಳೆ. ಅವಳಿಗೆ ಇನ್ನೂ ಅ ಆ ಇ ಈ ಎಂದು ವರ್ಣಮಾಲೆಯನ್ನು ಸಾಲಾಗಿ ಹೇಳಲು ಬರುವುದಿಲ್ಲ. ನಾನು ಏಳನೇ ತರಗತಿವರೆಗೆ ಓದಿದ್ದೇನೆ, ಅವಳ ತಂದೆಗೆ ಓದು ಬಾರದು. ಟ್ಯೂಷನ್‌ಗೆ ಕಳುಹಿಸಬೇಕೇ ಅಥವಾ ಮನೆಯಲ್ಲಿಯೇ ಏನಾದರೂ ಮಾಡಬಹುದೇ?
(ಒಬ್ಬ ತಾಯಿ, ಚಿತ್ತಾಪುರ ತಾಲ್ಲೂಕು)

ಉತ್ತರ: ತಾಯಿ, ಮೊದಲು ನಿಮ್ಮ ಮನಸ್ಸಿನ ಭಯವನ್ನು ತೆಗೆಯಬೇಕಾಗಿದೆ. ನಾವೆಲ್ಲ ಕಲಿತದ್ದು ಅಕಾರದಿಂದ ಳಕಾರದವರೆಗಿನ ಸಾಲಿನಲ್ಲಿ. ಆದರೆ ನಮ್ಮ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ನಡೆಯುವ ನಲಿ-ಕಲಿ ಪದ್ಧತಿ ಆ ಸಾಲನ್ನು ಅನುಸರಿಸುವುದಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಕೆಲವು ಶಾಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಮಗುವಿಗೆ ಮೊದಲು ಸಿಗುವ ಅಕ್ಷರಗಳು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ಮೊದಲ ತಿಂಗಳುಗಳಲ್ಲಿಯೇ ಓದಬಲ್ಲದು. ಅ ಆ ಇ ಈ ಉ ಊ ಎಂದು ಸ್ವರಗಳನ್ನಷ್ಟೇ ಕಲಿತ ಮಗು ಇಷ್ಟು ಪದಗಳನ್ನು ಓದಲಾರದು. ಆದ್ದರಿಂದ ನಿಮ್ಮ ಮಗಳನ್ನು ಕೇಳಬೇಕಾದದ್ದು ‘ವರ್ಣಮಾಲೆ ಹೇಳು’ ಎಂದಲ್ಲ, ‘ಈ ಪದ ಓದು’ ಎಂದು. ವರ್ಣಮಾಲೆಯ ಸಾಲು ಅವಳಿಗೆ ಮುಂದೆ ನಿಘಂಟು ನೋಡುವಾಗ ಬೇಕಾಗುತ್ತದೆ, ಅಷ್ಟರೊಳಗೆ ಬಂದೇ ಬರುತ್ತದೆ.

ಓದಿಸಲು ಪುಸ್ತಕವೇ ಬೇಕೆಂದಿಲ್ಲ. ನಮ್ಮ ಭಾಗದ ಬಸ್ಸುಗಳ ಬೋರ್ಡುಗಳನ್ನೇ ನೋಡಿರಿ. ಕಲಬುರಗಿ, ಆಳಂದ, ಕಮಲಾಪುರ, ಸುರಪುರ, ಯಾದಗಿರಿ ಎಂಬ ಹೆಸರುಗಳಲ್ಲಿ ಒತ್ತಕ್ಷರವಿಲ್ಲ. ಕಾಗುಣಿತ ಬಲ್ಲ ಮಗು ಇವುಗಳನ್ನು ಓದುತ್ತದೆ. ಅವು ಸಲೀಸಾದ ಮೇಲೆ ತಕಾರಕ್ಕೆ ತಕಾರದ್ದೇ ಒತ್ತಿರುವ ನಿಮ್ಮ ಚಿತ್ತಾಪುರವನ್ನು ತೋರಿಸಿರಿ, ನಂತರ ಬೇರೆ ಅಕ್ಷರದ ಒತ್ತಿರುವ ಭಾಲ್ಕಿ, ಬಸವಕಲ್ಯಾಣಗಳನ್ನು. ಜೇವರ್ಗಿಯನ್ನು ಕೊನೆಗೆ ಇಟ್ಟುಕೊಳ್ಳಿರಿ, ಏಕೆಂದರೆ ಅಲ್ಲಿನ ಅರ್ಕಾವೊತ್ತನ್ನು ‘ಗಿ’ ಆದ ಮೇಲೆ ಬರೆಯುತ್ತೇವೆ, ಆದರೆ ‘ಗಿ’ಗಿಂತ ಮೊದಲು ಉಚ್ಚರಿಸುತ್ತೇವೆ. ಕಣ್ಣು ಒಂದು ಕಡೆ, ನಾಲಿಗೆ ಇನ್ನೊಂದು ಕಡೆ ಹೋಗುವ ಈ ಜಾಗದಲ್ಲಿ ಮೂರು, ನಾಲ್ಕನೇ ತರಗತಿಯ ಮಕ್ಕಳೂ ಎಡವುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಅದಕ್ಕಾಗಿ ಮಗುವನ್ನು ಗದರಿಸಬಾರದು.

ಸಂಜೆ ನೀವು ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ಕುಳಿತು ಪಾಠದ ಹತ್ತು ಸಾಲನ್ನು ಗಟ್ಟಿಯಾಗಿ ಓದಲಿ. ಅವಳ ತಂದೆ ಮಾಡಬೇಕಾದ ಕೆಲಸ ಇದಕ್ಕಿಂತ ದೊಡ್ಡದು: ಓದಿದ್ದನ್ನು ಅವರಿಗೆ ತನ್ನ ಮಾತಿನಲ್ಲಿ ಹೇಳಲು ಮಗಳಿಗೆ ತಿಳಿಸಿರಿ, ಅವರು ‘ಮುಂದ ಏನಾಯ್ತು? ಯಾಕ ಹಂಗ ಮಾಡಿದ?’ ಎಂದು ಕೇಳಲಿ. ಅಕ್ಷರ ಗುರುತಿಸಿಯೂ ಅರ್ಥ ಹಿಡಿಯದ ಮಕ್ಕಳು ಬಹಳ ಇದ್ದಾರೆ, ಮತ್ತು ಆ ಕೊರತೆಯನ್ನು ತುಂಬಲು ಅಕ್ಷರ ಬಲ್ಲವರೇ ಬೇಕೆಂದಿಲ್ಲ. ಟ್ಯೂಷನ್ ಸದ್ಯಕ್ಕೆ ಬೇಡ.

ಪ್ರಶ್ನೆ: ನಮ್ಮ ಮನೆಮಾತು ಮರಾಠಿ, ಮಗ ಕನ್ನಡ ಶಾಲೆಯಲ್ಲಿ ಮೂರನೇ ತರಗತಿಯಲ್ಲಿದ್ದಾನೆ. ಮಗ್ಗಿಯನ್ನು ತಪ್ಪಿಲ್ಲದೆ ಹೇಳುತ್ತಾನೆ, ಆದರೆ 25 ಬರೆ ಎಂದರೆ 52 ಬರೆಯುತ್ತಾನೆ. 42ರಲ್ಲಿ 17 ಕಳೆದರೆ 35 ಎನ್ನುತ್ತಾನೆ. ಅವನ ಬುದ್ಧಿಯಲ್ಲಿಯೇ ಏನಾದರೂ ಕೊರತೆ ಇದೆಯೇ?
(ಒಬ್ಬ ತಂದೆ, ಭಾಲ್ಕಿ ತಾಲ್ಲೂಕು)

ಉತ್ತರ: ಕೊರತೆ ಇದೆ ಎನ್ನಲು ನಿಮ್ಮ ಪತ್ರದಲ್ಲಿ ಕಾರಣವೇನೂ ಕಾಣುವುದಿಲ್ಲ. ಎರಡೂ ತಪ್ಪುಗಳ ಹಿಂದೆ ಅವನದೇ ಆದ ಒಂದು ತರ್ಕವಿದೆ, ಮತ್ತು ಅವೆರಡೂ ಬೇರೆ ಬೇರೆ ತಪ್ಪುಗಳು.

ಕನ್ನಡದಲ್ಲಿ ‘ಇಪ್ಪತ್ತೈದು’ ಎನ್ನುವಾಗ ಹತ್ತರ ಸ್ಥಾನವೇ ಮೊದಲು ಬರುತ್ತದೆ, ಬರೆಯುವಾಗಲೂ ಹಾಗೆಯೇ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಉರ್ದುವಿನ ‘ಪಚ್ಚೀಸ್’ ಕೂಡ ಅದೇ ಜಾಡಿನದು, ಹಾಗಾಗಿ ಬೀದರ, ಕಲಬುರಗಿಯ ಅನೇಕ ಮನೆಗಳಲ್ಲಿ ಈ ತೊಡಕು ಇರುತ್ತದೆ. ಮನೆಯಲ್ಲಿ ಕೇಳಿದ ಕ್ರಮದಲ್ಲಿ ಬರೆದ ಮಗುವಿಗೆ 52 ಬರುವುದು ಸಹಜ. ಇದಕ್ಕಾಗಿ ಮನೆಯಲ್ಲಿ ಮರಾಠಿ ಮಾತಾಡುವುದನ್ನು ದಯವಿಟ್ಟು ಬಿಡಬೇಡಿರಿ. ಎರಡೂ ಹೆಸರುಗಳನ್ನು ಒಂದೇ ವಸ್ತುವಿಗೆ ಕಟ್ಟಬೇಕು, ಅಷ್ಟೇ.

ಆ ವಸ್ತು ನಿಮ್ಮ ಹೊಲದಲ್ಲಿಯೇ ಇರಬಹುದು. ತೊಗರಿ ಕಟ್ಟಿಗೆಯ ತೆಳುವಾದ ಕೊನೆಗಳನ್ನು ಬೆರಳುದ್ದಕ್ಕೆ ಮುರಿದು, ಹತ್ತು ಹತ್ತಕ್ಕೆ ಒಂದರಂತೆ ದಾರದಿಂದ ಕಟ್ಟು ಕಟ್ಟಿರಿ. ಕಟ್ಟುವ ಕೆಲಸವನ್ನು ಮಗನೇ ಮಾಡಲಿ, ಹತ್ತು ಬಿಡಿ ಕಡ್ಡಿಗಳು ಒಂದು ಕಟ್ಟಾಗುವುದನ್ನು ಅವನ ಕೈ ತಿಳಿಯಬೇಕು. ‘ಪಂಚವೀಸ’ ಎಂದಾಗ ಅವನು ಎರಡು ಕಟ್ಟು, ಐದು ಬಿಡಿ ಕಡ್ಡಿ ಇಡಲಿ, ‘ಇಪ್ಪತ್ತೈದು’ ಎಂದಾಗಲೂ ಅಷ್ಟನ್ನೇ ಇಡಲಿ. ಯಾವಾಗಲೂ ಕಟ್ಟುಗಳು ಎಡಕ್ಕೆ, ಬಿಡಿಗಳು ಬಲಕ್ಕೆ. ಇಟ್ಟ ಮೇಲೆ ಅವುಗಳ ಕೆಳಗೆ ಸೀಮೆಸುಣ್ಣದಿಂದ ಅಂಕಿ ಬರೆಯಲಿ.

ಇನ್ನು ಕಳೆಯುವ ಲೆಕ್ಕ. ಎರಡರಲ್ಲಿ ಏಳು ಹೋಗದು ಎಂದು ಅವನಿಗೆ ಗೊತ್ತು, ಆದ್ದರಿಂದ ಏಳರಲ್ಲಿ ಎರಡು ಕಳೆದು ಐದು ಬರೆದು, ನಾಲ್ಕರಲ್ಲಿ ಒಂದು ಕಳೆದು ಮೂರು ಬರೆದಿದ್ದಾನೆ. ‘ದಶಕ ತಗೋ’ ಎಂದು ನಾವು ಹೇಳುವ ಮಾತು ಅವನಿಗೆ ಮಂತ್ರದಂತೆ ಕೇಳಿಸಿರಬೇಕು. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿಗಳನ್ನು ಅವನ ಮುಂದಿಟ್ಟು, ಹದಿನೇಳು ಕಡ್ಡಿ ನನಗೆ ಕೊಡು ಎನ್ನಿರಿ. ಒಂದು ಕಟ್ಟು ಕೊಡುತ್ತಾನೆ, ಏಳು ಬಿಡಿ ಕೊಡಲಾಗದೆ ತಡೆಯುತ್ತಾನೆ. ಅಲ್ಲಿ ನೀವು ಬಾಯಿ ತೆರೆಯಬಾರದು. ಸ್ವಲ್ಪ ಹೊತ್ತಿನಲ್ಲಿ ಅವನೇ ಒಂದು ಕಟ್ಟಿನ ದಾರ ಬಿಚ್ಚುತ್ತಾನೆ; ಉಳಿದದ್ದನ್ನು ಎಣಿಸಿದರೆ ಎರಡು ಕಟ್ಟು, ಐದು ಬಿಡಿ. ಹತ್ತು ದಿನ ಹೀಗೆ ಬಿಚ್ಚಿದ ಮಗುವಿಗೆ ದಶಕ ಎಂದರೇನೆಂದು ವಿವರಿಸುವ ಅಗತ್ಯ ಉಳಿಯುವುದಿಲ್ಲ.

ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುವ ಬಗೆಯೂ ಅವನಿಗೆ ತಿಳಿಯಲಿ: 17ರಿಂದ 20ಕ್ಕೆ 3, ಅಲ್ಲಿಂದ 40ಕ್ಕೆ 20, ಮತ್ತೆ 2, ಒಟ್ಟು 25. ಬಾಯಿಲೆಕ್ಕಕ್ಕೆ ನನಗೆ ಇದೇ ಹೆಚ್ಚು ಇಷ್ಟ. ಮಗ್ಗಿ ಬರುತ್ತದೆ ಎಂದಿದ್ದೀರಿ, ಒಳ್ಳೆಯದು. ಆದರೆ ಆರು ನಾಲ್ಕಲಿ ಇಪ್ಪತ್ನಾಲ್ಕು ಎಂದ ಕೂಡಲೇ ಸಾಲಿಗೆ ಆರರಂತೆ ನಾಲ್ಕು ಸಾಲು ಕಡಲೆಕಾಳು ಜೋಡಿಸಿ ತೋರಿಸು ಎನ್ನಿರಿ. ಸವ್ವಾ, ದೀಡ, ಅಡೀಚ ಎಂಬ ಮಾತುಗಳು ನಿಮ್ಮ ಮನೆಯಲ್ಲಿ ದಿನವೂ ಓಡಾಡುತ್ತವೆ. ಒಂದೂಕಾಲು, ಒಂದೂವರೆ, ಎರಡೂವರೆ ರೊಟ್ಟಿಗಳನ್ನು ತಟ್ಟೆಯಲ್ಲಿಟ್ಟು ಅವುಗಳ ಹೆಸರು ಹೇಳಿಸಿದರೆ ಮುಂದಿನ ಭಿನ್ನರಾಶಿ ಪಾಠಕ್ಕೆ ಅರ್ಧ ದಾರಿ ಸವೆದಂತೆ.

ಪ್ರಶ್ನೆ: ಮಗ, ಸೊಸೆ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ. ನಾಲ್ಕನೇ ತರಗತಿಯ ಮೊಮ್ಮಗಳು ನನ್ನ ಬಳಿ ಇದ್ದಾಳೆ. ‘ಮನೆ’ ಎಂಬುದನ್ನು ‘ಮನಿ’, ‘ಶಾಲೆಗೆ’ ಎಂಬುದನ್ನು ‘ಶಾಲಿಗಿ’ ಎಂದು ಬರೆಯುತ್ತಾಳೆ. ದಿನಕ್ಕೆ ಎರಡು ಪುಟ ಕಾಪಿ ಬರೆಸುತ್ತಿದ್ದೇನೆ, ತಪ್ಪು ಕಡಿಮೆಯಾಗಿಲ್ಲ.
(ಒಬ್ಬ ಅಜ್ಜ, ಶಹಾಪುರ ತಾಲ್ಲೂಕು)

ಉತ್ತರ: ಅಜ್ಜಾ, ಕಾಪಿ ಬರೆಯುವಾಗ ಕೈ ಮಾತ್ರ ಓಡುತ್ತದೆ. ನೋಡಿ ಬರೆದದ್ದರಲ್ಲಿ ತಪ್ಪಾಗುವುದಿಲ್ಲ, ಸ್ವಂತ ಬರೆಯುವಾಗ ಹಳೆಯದೇ ಬರುತ್ತದೆ. ಮೊಮ್ಮಗಳು ತಾನು ಆಡುವ ಮಾತನ್ನು ಕಿವಿಗೆ ಕೇಳಿದ ಹಾಗೆ ಪ್ರಾಮಾಣಿಕವಾಗಿ ಅಕ್ಷರಕ್ಕಿಳಿಸಿದ್ದಾಳೆ. ಧ್ವನಿ ಮತ್ತು ಅಕ್ಷರದ ಸಂಬಂಧ ಅವಳಿಗೆ ಚೆನ್ನಾಗಿ ತಿಳಿದಿದೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ಸೀಮೆಯಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನಿ, ಶಾಲಿ, ಕುದರಿ, ಎಲಿ. ಈ ನುಡಿಯನ್ನು ತಪ್ಪು ಎಂದು ಅವಳಿಗೆ ಹೇಳಬೇಡಿರಿ. ಅದು ನಿಮ್ಮ ನುಡಿ, ಅವಳ ತಾಯಿಯ ನುಡಿ. ‘ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತಾರ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಡಿ. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು, ಎಡಕ್ಕೆ ನಾವು ಆಡುವ ಪದ, ಬಲಕ್ಕೆ ಪುಸ್ತಕದ ಪದ ಬರೆಯುತ್ತ ಹೋಗಲಿ. ವಾರಕ್ಕೆ ಹತ್ತು ಜೋಡಿ ಸಾಕು.

ಎರಡು ಪುಟ ಕಾಪಿಯ ಬದಲು ಅವಳು ತಂದೆ ತಾಯಿಗೆ ದಿನಕ್ಕೆ ಐದು ಸಾಲು ಬರೆಯಲಿ. ಹಿತ್ತಲ ಬದನೆ ಕಾಯಿ ಬಿಟ್ಟದ್ದು, ಎಮ್ಮೆ ಕರು ಹಾಕಿದ್ದು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಯಾರು ಯಾರು ಉಂಡರು ಎಂಬುದು, ಇಂಥವೇ ವಿಷಯಗಳು. ಮೊದಲ ಸಲ ಮನಸ್ಸಿಗೆ ಬಂದಂತೆ ಬರೆಯಲಿ, ತಿದ್ದಬೇಡಿರಿ. ಆಮೇಲೆ ಅವಳೇ ಗಟ್ಟಿಯಾಗಿ ಓದಿ, ತನ್ನ ಜೋಡಿಪದಗಳ ಪುಟವನ್ನು ನೋಡಿ, ತಿದ್ದಿಕೊಳ್ಳಲಿ. ನೀವು ತೋರಿಸಬೇಕಾದದ್ದು ಒಂದು ದಿನಕ್ಕೆ ಒಂದೇ ಬಗೆಯ ತಪ್ಪು. ತಿದ್ದಿದ ಹಾಳೆಯ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಬೆಂಗಳೂರಿಗೆ ಕಳುಹಿಸಿರಿ. ಫೋನಿನಲ್ಲಿ ಮಾತಾಡಿ ಮುಗಿಸದೆ ತಾವೂ ಎರಡು ಸಾಲು ಬರೆದು ಉತ್ತರ ಕಳುಹಿಸಬೇಕೆಂದು ನಿಮ್ಮ ಮಗನಿಗೂ ಸೊಸೆಗೂ ನನ್ನ ಪರವಾಗಿ ತಿಳಿಸಿರಿ.