ಎರಡನೇ ಪುಟವನ್ನು ಮತ್ತೆ ಬರೆಯಿರಿ

ನಿಮ್ಮ ಅಕ್ಕನ, ಡೌನ್ ಸಿಂಡ್ರೋಮ್ ಇರುವ ಮಗಳ ಬಗ್ಗೆ ನೀವು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಎಲ್ಲೂ ಎಳೆದಾಡಿಲ್ಲ. ಆದರೆ ಎರಡನೇ ಪುಟದ ಎರಡು ವಾಕ್ಯಗಳು ನನ್ನನ್ನು ಕೆರಳಿಸಿವೆ. ಅವು ಇರುವ ತನಕ ಇದನ್ನು ಅಚ್ಚಿಗೆ ಕೊಡಲಾರೆ.

"ಏಳನೇ ತಿಂಗಳಲ್ಲಿ ಆ ಹೆಚ್ಚುವರಿ ವರ್ಣತಂತು ಕೂಸಿನ ಹೃದಯಕ್ಕೆ ತೂತು ಕೊರೆಯಿತು" ಎಂದಿದ್ದೀರಿ. ವರ್ಣತಂತು ಎಂದರೆ ಜೀನ್‌ಗಳನ್ನು ಹೊತ್ತ ಎಳೆ, ಕ್ರೋಮೋಸೋಮ್; ಡೌನ್ ಸಿಂಡ್ರೋಮ್‌ನಲ್ಲಿ ಅದು ಒಂದು ಹೆಚ್ಚಿರುತ್ತದೆ, ನಿಜ. ಏಳನೇ ತಿಂಗಳಲ್ಲಿ ಸ್ಕ್ಯಾನಿಂಗ್‌ನಲ್ಲಿ ಕಂಡಿರಬಹುದು, ಆದದ್ದು ಆಗ ಅಲ್ಲ. ಹೃದಯ ಮೊದಲಿಗೆ ಒಂದು ಕೊಳವೆ ಅಷ್ಟೆ. ಅಂಡಾಣು ಫಲಿತವಾದ 5-6ನೇ ವಾರದಲ್ಲಿ ಅದರೊಳಗೆ ಎದುರುಬದುರು ಎರಡು ಉಬ್ಬುಗಳು ಬೆಳೆದು, ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳಬೇಕು. ಮೇಲಿನ ಕೋಣೆಗಳ ನಡುವಿನ ಗೋಡೆ, ಕೆಳಗಿನ ಕೋಣೆಗಳ ನಡುವಿನ ಗೋಡೆ, ಕವಾಟಗಳು ಎಲ್ಲವೂ ಬಂದು ಕೂಡುವುದು ಅಲ್ಲಿಯೇ. 8ನೇ ವಾರ ಮುಗಿಯುವಷ್ಟರಲ್ಲಿ ಈ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. 21ನೇ ವರ್ಣತಂತು ಎರಡರ ಬದಲು ಮೂರಿದ್ದರೆ ಅದರ ಜೀನ್‌ಗಳ ಪ್ರಮಾಣ ಹೆಚ್ಚಾಗುತ್ತದೆ, ಎಷ್ಟೋ ಕೂಸುಗಳಲ್ಲಿ ಆ ಉಬ್ಬುಗಳು ಪೂರ್ತಿ ಕೂಡುವುದೇ ಇಲ್ಲ. ಇದ್ದ ಗೋಡೆಯನ್ನು ಯಾರೂ ಕೊರೆಯಲಿಲ್ಲ. ಇನ್ನೊಂದು ಮಾತು: ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುವುದೇ ಇಲ್ಲ. ಅದನ್ನೂ ಬರೆಯಬೇಕಿತ್ತು.

ಎರಡನೆಯದು ಇನ್ನೂ ಕೆಟ್ಟದ್ದು: "ಗ್ರಹಣದ ದಿನ ಅಕ್ಕ ಹೊರಗೆ ಬಂದಿದ್ದಳು, ಅದೇ ಮುಳುವಾಯಿತೋ ಏನೋ." ಹೆಚ್ಚಿನ ಮಕ್ಕಳಲ್ಲಿ ಆ ವರ್ಣತಂತು ಬರುವುದು ತಾಯಿಯ ಅಂಡಾಣುವಿನಿಂದ, ಅದೂ ಗರ್ಭ ನಿಲ್ಲುವ ಮೊದಲೇ. ಆ ಅಂಡಾಣುವಿನ ವಿಭಜನೆ ಶುರುವಾದದ್ದು ನಿಮ್ಮ ಅಕ್ಕ ತಾನೇ ನಿಮ್ಮ ಅಮ್ಮನ ಹೊಟ್ಟೆಯಲ್ಲಿದ್ದಾಗ. ಅರ್ಧಕ್ಕೆ ನಿಂತ ಆ ಕೆಲಸ ಹತ್ತಾರು ವರ್ಷಗಳ ನಂತರ ಮುಂದುವರಿಯುವಾಗ 21ನೇ ವರ್ಣತಂತುವಿನ ಜೋಡಿ ಬೇರೆಯಾಗದೆ ಉಳಿದುಬಿಡುತ್ತದೆ. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆಯೂ ಏರುತ್ತದೆ. ಗ್ರಹಣಕ್ಕೆ ಇಲ್ಲೇನು ಕೆಲಸ?

ನಾನು ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಆರೋಗ್ಯ ಪುಟದ ಹಿರಿಯರೊಬ್ಬರು ನನ್ನ ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ "ಯಾವಾಗ? ಹೇಗೆ ಗೊತ್ತು?" ಎಂದು ಬರೆಯುತ್ತಿದ್ದರು. ಉತ್ತರ ಸಿಗದಿದ್ದರೆ ಆಸ್ಪತ್ರೆಗೆ ಅಟ್ಟುತ್ತಿದ್ದರು. ಅಲ್ಲಿ ಮಕ್ಕಳ ವಾರ್ಡಿನಲ್ಲಿ ಬಾಣಂತಿಯೊಬ್ಬಳು ನನ್ನನ್ನೇ ಡಾಕ್ಟರೆಂದು ತಿಳಿದು, "ನಾನು ಪರಂಗಿ ಹಣ್ಣು ತಿಂದಿದ್ದಕ್ಕೆ ಹಿಂಗಾಯ್ತಾ?" ಎಂದು ಕೇಳಿದ್ದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. ನಿಮ್ಮ "ಏನೋ" ಓದಿದಾಗ ನನಗೆ ಅವಳ ಮುಖವೇ ನೆನಪಾಯಿತು.

ಗ್ರಹಣದ ಸಾಲನ್ನು ಕಿತ್ತುಹಾಕಿ. ಯಾವ ಗೋಡೆ ಕೂಡಿರಲಿಲ್ಲ, ಏನು ಹೊಲಿದರು ಎಂದು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಿ ಬರೆಯಿರಿ. ಆ ಪುಟ ಬಂದ ಕೂಡಲೇ ನೋಡುತ್ತೇನೆ.